ಪದ ಬೇಕು, ನಾಳೆ ಬೆಳಿಗ್ಗೆ ಅಚ್ಚಿಗೆ: ಪಾಪ್‌ಕಾರ್ನ್ ಕಾಳು, ತಳದಲ್ಲಿ ಉಳಿಯುವ ಕಾಳು

ಹಾವೇರಿಯಿಂದ:
ಬಳಗದವರಿಗೆ ನಮಸ್ಕಾರ. ನಮ್ಮೂರ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಪಾಪ್‌ಕಾರ್ನ್ ತಳಿಯ ಕಾಳನ್ನು ಅರ್ಧ ಕಿಲೋ ಪೊಟ್ಟಣ ಕಟ್ಟಿ ಮಾರಲಿದ್ದಾರೆ. ಹಿಂಬದಿಗೆ ಮಾಡುವ ವಿಧಾನ ಬರೆದುಕೊಡುವುದು ನನ್ನ ಪಾಲಿಗೆ ಬಂದಿದೆ. ಇಷ್ಟಾಗಿದೆ:

“ದಪ್ಪ ತಳದ ಪಾತ್ರೆಗೆ ಎರಡು ಚಮಚ ಎಣ್ಣೆ ಹಾಕಿ, ಮೂರೇ ಕಾಳು ಬಿಡಿ. ಮೂರೂ ಸಿಡಿದ ಮೇಲೆ ಉಳಿದ ಕಾಳು ಸುರಿದು ಮುಚ್ಚಿ. ಹಬೆ ಹೋಗಲು ಮುಚ್ಚಳ ಕೊಂಚ ಓರೆ ಇರಲಿ. ಪಾತ್ರೆ ಅಲ್ಲಾಡಿಸುತ್ತಿರಿ. ಸದ್ದು ವಿರಳವಾದ ಕೂಡಲೇ ಇಳಿಸಿ.”

‘ಸಿಡಿ’ ಒಪ್ಪುತ್ತಿಲ್ಲ, ಸಾಸಿವೆ ಸಿಡಿಯುತ್ತದೆ, ಎಣ್ಣೆ ಸಿಡಿಯುತ್ತದೆ, ಇದು ಹಾಗಲ್ಲ. ಪೊಟ್ಟಣಕ್ಕೆ ಹೆಸರೂ ಬೇಕು. ತಳದಲ್ಲಿ ಕಲ್ಲಿನಂತೆ ಉಳಿಯುವ ಕಾಳಿಗೆ ‘ಜೊಳ್ಳು’ ಅನ್ನಬಹುದೇ?

ಮೈಸೂರಿನಿಂದ:
ಜೊಳ್ಳು ತಪ್ಪು. ಜೊಳ್ಳು ತೂರಿದರೆ ಗಾಳಿಗೆ ಹಾರುತ್ತದೆ, ನಿಮ್ಮದು ಹಲ್ಲು ಮುರಿಯುವ ಕಾಳು. ‘ಗೊಡ್ಡು ಕಾಳು’ ಎನ್ನಿ. ಹೆಸರಿಗೆ ‘ಜೋಳದ ಪುರಿ’ ಸಾಕು.

ಶಿರಸಿಯಿಂದ:
ಪುರಿ ಖಂಡಿತ ಬೇಡ. ಪುರಿ, ಮಂಡಕ್ಕಿ ಎಲ್ಲ ಸಿಪ್ಪೆ ತೆಗೆದ ಅಕ್ಕಿಯಿಂದ ಆಗುವುದು, ಬಿಸಿ ಮರಳಿನಲ್ಲಿ ಉಬ್ಬುವುದು. ಸಿಪ್ಪೆ ಇದ್ದ ಹಾಗೇ ಭತ್ತ ಹುರಿದು, ಒಳಗಿನದು ಸಿಪ್ಪೆ ಒಡೆದು ಹೊರಬಂದರೆ ಅದು ಅರಳು. ಮದುವೆಯಲ್ಲಿ ಲಾಜಾಹೋಮಕ್ಕೆ ಹುಡುಗಿಯ ಬೊಗಸೆಗೆ ಅಣ್ಣತಮ್ಮಂದಿರು ಹಾಕುವುದು ಇದನ್ನೇ. ನಮ್ಮ ಕಡೆ ಹೊದಲು ಎಂದೂ ಹೇಳುತ್ತೇವೆ. ಪಾಪ್‌ಕಾರ್ನ್ ಸಿಪ್ಪೆ ಒಡೆದೇ ಬರುತ್ತದೆ, ಹಾಗಾಗಿ ಅರಳು. ನಿಮ್ಮ ವಾಕ್ಯವೂ ಸರಿಹೋಗುತ್ತದೆ: “ಮೂರೂ ಅರಳಿದ ಮೇಲೆ.”

ಇನ್ನು ಗೊಡ್ಡು. ಗೊಡ್ಡು ಹಸು ಕರು ಹಾಕುವುದಿಲ್ಲ, ಅಷ್ಟೇ. ಈ ಕಾಳಿನ ಕಥೆ ಬೇರೆ. ಒಳಗೆ ಶೇ 14ರ ಆಸುಪಾಸು ತೇವ ಇರಬೇಕು. ಸುಮಾರು 180 ಡಿಗ್ರಿ ಸೆಲ್ಸಿಯಸ್ ಬಿಸಿಗೆ ಆ ತೇವ ಹಬೆಯಾಗಿ ಒತ್ತಿದಾಗ ಸಿಪ್ಪೆ ಬಿರಿಯುತ್ತದೆ. ಕಾಳು ಒಣಗಿದ್ದರೆ ಹಬೆ ಸಾಲದು, ಸಿಪ್ಪೆ ಸೀಳಿದ್ದರೆ ಹಬೆ ಸೋರಿಹೋಗುತ್ತದೆ. ಒಣಗಿದ ಕಾಳಿಗೆ ಒಂದು ಚಮಚ ನೀರು ಚಿಮುಕಿಸಿ, ಬಾಟಲಿಯಲ್ಲಿ ಮುಚ್ಚಿ, ಆಗಾಗ ಕುಲುಕಿ ನಾಲ್ಕು ದಿನ ಇಟ್ಟು ನೋಡಿ, ಮತ್ತೆ ಅರಳುತ್ತದೆ. ಅದನ್ನು ಗೊಡ್ಡು ಎನ್ನಲು ನನಗೆ ಮನಸ್ಸಿಲ್ಲ. ‘ಅರಳದ ಕಾಳು’ ಸಾಕು.

ಮೈಸೂರಿನಿಂದ:
ಪುರಿಯನ್ನು ಅಷ್ಟು ಸುಲಭವಾಗಿ ತಳ್ಳಬೇಡಿ. ಪಾಲ್ ಹಾಲಾಯಿತು, ಪೂ ಹೂವಾಯಿತು, ಪುರಿ ಹುರಿಯಾಯಿತು. ಕ್ರಿಯಾಪದ ಬದಲಾದರೂ ನಾಮಪದ ಹಳೆಯ ಪಕಾರವನ್ನು ಉಳಿಸಿಕೊಂಡಿದೆ. ಇಂಥ ಪದ ಬಿಟ್ಟು ಇನ್ನೇನು ಬೇಕು?

ಶಿರಸಿಯಿಂದ:
ಪದ ಹಳೆಯದು, ಒಪ್ಪಿದೆ. ವಸ್ತು ಅದಲ್ಲ.

ಧಾರವಾಡದಿಂದ:
ನಮ್ಮ ಕಡೆ ಅಳ್ಳು ಅಂತೀವ್ರಿ. ನಾಗರ ಪಂಚಮಿಗೆ ಜ್ವಾಳದ ಅಳ್ಳು ಹುರೀತಾರ. ನಮ್ಮವ್ವ ಹಿಂದಿನ ದಿನ ಜ್ವಾಳಕ್ಕ ಬಿಸಿನೀರು ಚಿಮುಕಿಸಿ ಅರಿವ್ಯಾಗ ಕಟ್ಟಿ ಇಡತಿದ್ಲು. ಮುಂಜಾನೆ ಕಾದ ಬಾಣಲೆಯೊಳಗ ಹಿಡಿಯಷ್ಟು ಹಾಕಿ, ಅರಿವಿ ಉಂಡಿಯಿಂದ ತಿರುವತಿದ್ಲು. ಶಿರಸಿಯವರು ತೇವದ ಮಾತು ಹೇಳಿದಾಗ ಆ ಕಟ್ಟಿದ ಅರಿವಿ ನೆನಪಾತು.

ಮುಖ್ಯ ಮಾತು ಇನ್ನೊಂದೈತಿ. ಅರಳು ಅಂದ್ರ ಅರಳಿದ ಮ್ಯಾಲಿನದು. ಪೊಟ್ಟಣದಾಗ ಇರೋದು ಹಸೀ ಕಾಳು. ಅಳ್ಳಿಗಂತನ ಬ್ಯಾರೆ ಜ್ವಾಳ ಬೆಳೀತಿದ್ರು, ಅದಕ್ಕ ‘ಅಳ್ಳಿನ ಜ್ವಾಳ’ ಅಂತನ ಹೆಸರು. ನೀವೂ ‘ಅಳ್ಳಿನ ಗೋವಿನಜೋಳ’ ಅನ್ನಿರಿ. ಹೊಲದಾಗಿನ ಎಲ್ಲಾ ಗೋವಿನಜೋಳ ಅರಳಂಗಿಲ್ಲ, ಆ ಫರಕೂ ಹೆಸರಿನಾಗ ಬರತೈತಿ.

ಬೆಂಗಳೂರಿನಿಂದ:
ಅಳ್ಳು ಗ್ರಾಮ್ಯ. ನೆರಳು ನೆಳ್ಳಾಯಿತು, ಬೆರಳು ಬೆಳ್ಳಾಯಿತು, ಅರಳು ಅಳ್ಳಾಯಿತು, ಅಷ್ಟೇ. ಹಳಗನ್ನಡದ ಅಲರ್‌ನಿಂದ ಬಂದ ಅರಳನ್ನೇ ಅಚ್ಚು ಹಾಕಿಸಿ. ಇಲ್ಲವೇ ಪಾಪ್‌ಕಾರ್ನ್ ಎಂದು ಬಿಡಿ. ಅಂಗಡಿಯಲ್ಲಿ ಮಗು ಅದನ್ನೇ ಕೇಳುತ್ತದೆ. ಆಲೂ ತೆಗೆದುಕೊಂಡು ಗಡ್ಡೆ ಸೇರಿಸಿದವರು ನಾವು, ಈಗೇಕೆ ಮಡಿ?

ಶಿರಸಿಯಿಂದ:
ಮಡಿಯ ಮಾತಲ್ಲ. ಅಮೆರಿಕ ಖಂಡದಿಂದ ಬಂದ ಈ ಕಾಳನ್ನು ಮೊದಲು ನೋಡಿದ ನಮ್ಮ ರೈತರು ತೆನೆಯ ಹೊದಿಕೆ ಕಂಡು ಮುಸುಕಿನ ಜೋಳ ಎಂದರು. ಹೊರಗಿಂದ ಮೆಕ್ಕೆ ಬಂದರೂ ಅದರ ಹಿಂದೆ ಜೋಳ ಇಟ್ಟರು. ಕಣ್ಣಿಗೆ ಕಂಡದ್ದಕ್ಕೆ ಹೆಸರಿಡುವ ಶಕ್ತಿ ಇರುವ ಭಾಷೆಯಲ್ಲಿ, ಅರಳು ಎಂಬ ಸಿದ್ಧ ಪದ ಮನೆಯಲ್ಲೇ ಇರುವಾಗ ಸಾಲ ಯಾಕೆ? ಗ್ರಾಮ್ಯ ಎಂದು ಅಳ್ಳನ್ನು ತಳ್ಳುವುದೂ ನನಗೆ ಸರಿಕಾಣುವುದಿಲ್ಲ. ಪೊಟ್ಟಣ ಮಾರಾಟವಾಗುವುದು ಹಾವೇರಿಯಲ್ಲಿ.

ಬೆಂಗಳೂರಿನಿಂದ:
ನಾಳೆ ಬೆಂಗಳೂರಿಗೂ ಬರುತ್ತದೆ. ಆಗ ಅಳ್ಳು ಯಾರಿಗೆ ತಿಳಿಯುತ್ತದೆ?

ಹಾವೇರಿಯಿಂದ:
ಎಲ್ಲರಿಗೂ ಧನ್ಯವಾದ, ಅಚ್ಚಿಗೆ ಕೊಟ್ಟೆ. ಮುಂದೆ ದೊಡ್ಡ ಅಕ್ಷರದಲ್ಲಿ ‘ಅಳ್ಳಿನ ಗೋವಿನಜೋಳ’, ಕೆಳಗೆ ಸಣ್ಣದಾಗಿ ‘ಪಾಪ್‌ಕಾರ್ನ್ ಕಾಳು’. ಹಿಂದೆ “ಮೂರೂ ಅರಳಿದ ಮೇಲೆ” ಎಂದಿದೆ. ಕೊನೆಗೆ ಒಂದು ಸಾಲು ಸೇರಿಸಿದೆ: “ಅರಳದ ಕಾಳು ಹೆಚ್ಚು ಉಳಿದರೆ, ಪೊಟ್ಟಣದ ಕಾಳಿಗೆ ಒಂದು ಚಮಚ ನೀರು ಚಿಮುಕಿಸಿ ನಾಲ್ಕು ದಿನ ಮುಚ್ಚಿಡಿ.” ಕರಡು ಓದಿ ಹೇಳಿದಾಗ ಸಂಘದ ಹಿರಿಯಮ್ಮ ಅಳ್ಳು ಎಂದ ಕೂಡಲೇ, “ಹಂಗಾರ ಪಂಚಮಿಗೂ ಮಾರಬಹುದಲ್ಲ” ಅಂದರು.