ಪೆಡಲ್ ಒತ್ತಿದರೂ ಪಿಕಪ್ ಇಲ್ಲ, ಕೋಡ್ ಪಿ2135

ಪ್ರಶ್ನೆ: ಮೊನ್ನೆ ಮಳೆಯಲ್ಲಿ ಸಕಲೇಶಪುರದಿಂದ ಹಾಸನಕ್ಕೆ ಬರುವಾಗ ಚೆಕ್ ಎಂಜಿನ್ ಲೈಟ್ ಹತ್ತಿಕೊಂಡಿತು. ಪೆಡಲ್ ಎಷ್ಟು ಒತ್ತಿದರೂ ಗಾಡಿ ಏಳಲ್ಲ. ಆಫ್ ಮಾಡಿ ಸ್ಟಾರ್ಟ್ ಮಾಡಿದರೆ ಸ್ವಲ್ಪ ಹೊತ್ತು ಸರಿ, ಆಮೇಲೆ ಅದೇ ಕತೆ. ಸ್ಕ್ಯಾನರ್‌ನಲ್ಲಿ ಪಿ2135 ಅಂತ ಬಂದಿದೆ. ಗ್ಯಾರೇಜಿನವರು ಥ್ರಾಟಲ್ ಬಾಡಿಯನ್ನೇ (ಎಂಜಿನ್‌ಗೆ ಗಾಳಿ ಬಿಡುವ ಭಾಗ) ಬದಲಾಯಿಸಿ ಅನ್ನುತ್ತಾರೆ. ಬೇಕಾ?

ಉತ್ತರ 1: ತಡೀರಿ ಸರ್, ಈಗಲೇ ದುಡ್ಡು ಹಾಕಬೇಡಿ. ಥ್ರಾಟಲ್ ಒಳಗೆ ಪ್ಲೇಟ್ ಎಷ್ಟು ತೆರೆದಿದೆ ಅಂತ ಅಳೆಯುವ ಎರಡು ಪೊಸಿಷನ್ ಸೆನ್ಸರ್ ಇರುತ್ತವೆ, ಎರಡರ ಲೆಕ್ಕ ತಾಳೆಯಾಗದಿದ್ದರೆ ಈ ಕೋಡ್ ಬರುತ್ತದೆ, ಆಗ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೇಕಂತಲೇ ಪವರ್ ಇಳಿಸುತ್ತದೆ. ಸೆನ್ಸರೇ ಹೋಗಿರಬೇಕು ಅಂತೇನಿಲ್ಲ. ಮಳೆಯಲ್ಲಿ ಶುರುವಾಗಿದ್ದರಿಂದ ನನಗೆ ಥ್ರಾಟಲ್‌ಗೆ ವೈರ್ ಸೇರುವ ಕನೆಕ್ಟರ್ ಮೇಲೇ ಅನುಮಾನ. ಕೀ ಆಫ್ ಮಾಡಿ ಬಿಚ್ಚಿ ನೋಡಿ, ಪಿನ್ ಮೇಲೆ ನೀರು, ಹಸಿರು ಕಿಲುಬು ಇದೆಯಾ ಅಂತ.

ಉತ್ತರ 2: ಹೌದು. ಆಮೇಲೆ ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಇಟ್ಟು, ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ಎರಡೂ ಸೆನ್ಸರ್‌ಗಳ ವೋಲ್ಟೇಜ್ ನೋಡುತ್ತಾ ಪೆಡಲ್ ನಿಧಾನಕ್ಕೆ ಒತ್ತಿ. ಎಷ್ಟೋ ಕಾರುಗಳಲ್ಲಿ ಒಂದು ಏರಿದಂತೆ ಇನ್ನೊಂದು ಇಳಿಯುತ್ತದೆ, ಕೂಡಿದರೆ ಸುಮಾರು 5 ವೋಲ್ಟ್. ವೈರ್ ಅಲ್ಲಾಡಿಸಿದಾಗ ರೀಡಿಂಗ್ ಜಿಗಿದರೆ ತೊಂದರೆ ಇರುವುದು ವೈರಿಂಗ್‌ನಲ್ಲೇ. ಕೀ ಆನ್ ಇರುವಾಗ ಥ್ರಾಟಲ್ ಒಳಗೆ ಮಾತ್ರ ಬೆರಳು ಹಾಕಬೇಡಿ, ಪ್ಲೇಟ್ ಪಟ್ಟಂತ ಮುಚ್ಚಿಕೊಳ್ಳಬಹುದು.

ಪ್ರಶ್ನೆ ಕೇಳಿದವರು: ಬಿಚ್ಚಿದೆ, ಒಂದು ಪಿನ್ ಪೂರ್ತಿ ಹಸಿರಾಗಿದೆ! ಕ್ಲೀನರ್ ಹೊಡೆದು ಒಣಗಿಸುತ್ತಿದ್ದೇನೆ.

ಉತ್ತರ 1: ಸರಿ ಹೋಗುವ ತನಕ ಶಿರಾಡಿ ಘಾಟ್ ಕಡೆ ಹೋಗಬೇಡಿ, ಲಾರಿಗಳ ಮಧ್ಯೆ ಪವರ್ ಬಿದ್ದರೆ ಕಷ್ಟ.