ಮಗನಿಗೆ "ನೀನು ಯಾವ ದೇಶ?" ಅಂತ ಕೇಳ್ತಾರೆ, ಏನು ಮಾಡಲಿ?

ಯಲ್ಲಾಪುರದ ಅಮ್ಮ:
ನಾವು ಸಿದ್ದಿಗಳು, ಆಫ್ರಿಕಾದಿಂದ ಬಂದವರ ವಂಶದವರು, ತಲೆಮಾರುಗಳಿಂದ ಇಲ್ಲೇ ಇರುವವರು. ಮಗನಿಗೆ 12 ವರ್ಷ. ಈ ಜೂನ್‌ನಲ್ಲಿ ದೂರದ ಊರಿನ ಹಾಸ್ಟೆಲ್‌ಗೆ ಸೇರಿಸಿದೆವು. ಮೊದಲ ವಾರವೇ ಹುಡುಗರು "ಆಫ್ರಿಕಾ" ಅಂತ ಹೆಸರಿಟ್ಟರಂತೆ. ಕೂದಲು ಮುಟ್ಟಿ ಮುಟ್ಟಿ ನೋಡುತ್ತಾರಂತೆ. ಮೊನ್ನೆ ರಜೆಗೆ ಬಂದವನು ತಲೆ ಬೋಳಿಸಿಕೊಂಡು ಬಂದಿದ್ದ. "ಸೆಖೆ ಅಮ್ಮ" ಅಂದ. ಮಳೆಗಾಲದಲ್ಲಿ ಎಂಥ ಸೆಖೆ? ಅವತ್ತಿನಿಂದ ನನಗೆ ಅಳುವೇ ನಿಂತಿಲ್ಲ. ವಾಪಸ್ ಕರೆಸಿಕೊಳ್ಳಲಾ? ಇದನ್ನು ದಾಟಿ ಬಂದವರು ಹೇಳಿ.

ಹಳಿಯಾಳದವ, ಈಗ ಬೆಂಗಳೂರು:
ಅಕ್ಕ, ನನಗೀಗ 31. ಇವತ್ತಿಗೂ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹತ್ತಿರ ಇಂಗ್ಲಿಷ್ ಮಾತಾಡುತ್ತಾರೆ. ನಾನು "ಮೆಜೆಸ್ಟಿಕ್ ಒಂದು ಕೊಡಿ" ಅಂದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. "ಕನ್ನಡ ಎಷ್ಟು ಚೆನ್ನಾಗಿ ಕಲಿತಿದ್ದೀರಿ!" ಅಂತ ಹೊಗಳಿದವರೂ ಇದ್ದಾರೆ. ಈಗ ನಗು ಬರುತ್ತದೆ. 12ರಲ್ಲಿ ಬರುತ್ತಿರಲಿಲ್ಲ.
ಹಾಸ್ಟೆಲ್‌ನಲ್ಲಿ ನನ್ನನ್ನು ಮುರಿದದ್ದು ಹುಡುಗರಲ್ಲ. ಅವರು ಅಡ್ಡಹೆಸರು ಕೂಗಿದಾಗ ಒಬ್ಬ ಮೇಷ್ಟ್ರು ನಕ್ಕರು, ಅದು. ಅಪ್ಪ ಬಂದು ವಾರ್ಡನ್ ಜೊತೆ ಅರ್ಧ ಗಂಟೆ ಕೂತು ಮಾತಾಡಿದರು. ಏನು ಹೇಳಿದರೋ ಗೊತ್ತಿಲ್ಲ. ಕಿಟಕಿಯಿಂದ ನೋಡುತ್ತಾ ನಿಂತಿದ್ದೆ. ಆಮೇಲೂ ಹುಡುಗರು ಕೂಗಿದರು, ಆದರೆ ದೊಡ್ಡವರು ಯಾರೂ ನಗಲಿಲ್ಲ. ನೀವೂ ಹೋಗಿ. ಹೋಗುವ ಮೊದಲು ಅವನನ್ನು ಒಂದು ಮಾತು ಕೇಳಿ.

ಹೈಸ್ಕೂಲ್ ಟೀಚರ್:
ನಾನು ಸಿದ್ದಿ ಅಲ್ಲ. ತಪ್ಪು ಮಾಡಿದವಳಾಗಿ ಬರೆಯುತ್ತಿದ್ದೇನೆ. ಆಫ್ರಿಕಾ ಖಂಡದ ಪಾಠ ಮಾಡುವಾಗ ಒಬ್ಬ ಸಿದ್ದಿ ಹುಡುಗಿಯನ್ನು ಎಬ್ಬಿಸಿ "ಇವರ ಪೂರ್ವಜರು ಅಲ್ಲಿಂದ ಬಂದವರು" ಅಂದೆ. ಅವಳಿಗೆ ಹೆಮ್ಮೆ ಆಗಲಿ ಅಂತಲೇ. ಮರುದಿನ ಅವಳು ಶಾಲೆಗೆ ಬರಲಿಲ್ಲ. ಬಂದ ಮೇಲೂ ನನ್ನ ಕ್ಲಾಸಿನಲ್ಲಿ ಕೈ ಎತ್ತಲಿಲ್ಲ.
ದಯವಿಟ್ಟು ಮಗನಿಗೆ "ಎಲ್ಲರಿಗೂ ತಿಳಿಸಿ ಹೇಳು" ಅನ್ನಬೇಡಿ. ಅದು ನಮ್ಮ ಕೆಲಸ, ಅದಕ್ಕೇ ನಮಗೆ ಸಂಬಳ. ಕ್ಲಾಸ್ ಟೀಚರ್‌ಗೆ ಬರೆದು ಕೊಡಿ, ಬರೀ ಬಾಯಲ್ಲಿ ಹೇಳಬೇಡಿ. ಶಿಕ್ಷಕರೇ ಹೀಯಾಳಿಸಿದರೆ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಇದೆ. ಮಕ್ಕಳಿಗೆ ಮಾನಸಿಕ ಕಿರುಕುಳ ಕೊಡುವಂತಿಲ್ಲ.

ಮುಂಡಗೋಡದ ಅಪ್ಪ:
ಹೊಗಳಿಕೆಯದೂ ಒಂದು ಕಾಟ ಇದೆ. 1987ರಲ್ಲಿ ಕ್ರೀಡಾ ಪ್ರಾಧಿಕಾರದವರು ನಮ್ಮ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದುಕೊಂಡು ಹೋದರು. ಕೆಲವರಿಗೆ ಒಳ್ಳೆಯದಾಯಿತು, ಇಲ್ಲ ಅನ್ನಲ್ಲ. ಆದರೆ ಸಿದ್ದಿ ಅಂದರೆ ಓಟ ಅನ್ನೋದು ಜನರ ತಲೆಯಲ್ಲಿ ಕೂತುಬಿಟ್ಟಿದೆ. ನನ್ನ ಮಗಳನ್ನು ಕೇಳದೆಯೇ ಪಿಟಿ ಸರ್ 400 ಮೀಟರ್‌ಗೆ ಹೆಸರು ಬರೆದರು. ಕೊನೆಯವಳಾಗಿ ಬಂದಳು. "ನಿಮ್ಮ ರಕ್ತದಲ್ಲೇ ಇರ್ಬೇಕಲ್ವಾ?" ಅಂದರಂತೆ. ಅವಳಿಗೆ ಇಷ್ಟ ಲೆಕ್ಕ. ಗಣಿತದಲ್ಲಿ 94 ಬಂದಾಗ ಯಾರೂ ರಕ್ತದ ಮಾತೆತ್ತಲಿಲ್ಲ. "ಮೀಸಲಾತಿ ಇದೆಯಲ್ಲ" ಅಂದರು. ಪರೀಕ್ಷೆಯ ಅಂಕಕ್ಕೆ ಎಲ್ಲಿಯ ಮೀಸಲಾತಿ ಮಾರಾಯ್ರೆ! ನಮ್ಮ ಜಿಲ್ಲೆಯ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದೇ 2003ರಲ್ಲಿ.

ಅಂಕೋಲಾದ ಅಕ್ಕ:
ನಾನು ಮಗನಿಗೆ ಮಲಿಕ್ ಅಂಬರ್ ಕಥೆ ಹೇಳಿದ್ದೆ. ಇಥಿಯೋಪಿಯಾದಿಂದ ಗುಲಾಮನಾಗಿ ಬಂದು ಅಹಮದ್‌ನಗರದ ಆಡಳಿತವನ್ನೇ ಹಿಡಿದ, 1626ರಲ್ಲಿ ಸಾಯುವವರೆಗೆ ಮೊಘಲರಿಗೆ ಸರಿಯಾಗಿ ಕಾಡಿದ ಅಂತ. ಇವನು ಶಾಲೆಯಲ್ಲಿ ಜಂಬದಿಂದ ಹೇಳಿದ. ಹುಡುಗರಿಗೆ ಕೇಳಿಸಿದ್ದು ಒಂದೇ ಪದ, ಗುಲಾಮ. ಅದೇ ಹೊಸ ಅಡ್ಡಹೆಸರಾಯಿತು.
ಕಥೆ ಹೇಳಬೇಡಿ ಅಂತಲ್ಲ. ಅವರಿಗೆ ಉತ್ತರ ಕೊಡಲಿ ಅಂತ ಹೇಳಬೇಡಿ, ಅಷ್ಟೇ. ಈಗ ನಾನು ರಾತ್ರಿ ಕವದಿ ಹೊಲಿಯುತ್ತಾ ಸುಮ್ನೆ ಹೇಳುತ್ತೇನೆ. ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡು ಗೋವಾದಿಂದ ಈ ಕಾಡಿಗೆ ಓಡಿ ಬಂದವರ ಕಥೆ. ಸಿಕ್ಕಿಬಿದ್ದವರದ್ದಕ್ಕಿಂತ ತಪ್ಪಿಸಿಕೊಂಡವರ ಕಥೆ ಅವನಿಗೆ ಜಾಸ್ತಿ ಇಷ್ಟ.

ಧಾರವಾಡದ ವಕೀಲ:
ಜಾತಿ ಹಿಡಿದು ಜನರ ಎದುರು ಅವಮಾನ ಮಾಡಿದರೆ 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಸಹಾಯವಾಣಿ 14566. ಮಕ್ಕಳದ್ದೇ ಆದರೆ 1098. ಆದರೆ ಎದುರಿಗಿರುವವರೂ 12ರ ಹುಡುಗರು. ಮೊದಲು ವಾರ್ಡನ್, ಆಮೇಲೆ ಮುಖ್ಯೋಪಾಧ್ಯಾಯರು. ಅಲ್ಲೂ ಆಗದಿದ್ದರೆ ಮುಂದಿನದು.

ಹಳಿಯಾಳದವ:
ವಕೀಲರು ಹೇಳಿದ್ದು ಸರಿ. ಆದರೆ ಬರೆದು ಕೊಟ್ಟಿದ್ದರ ಒಂದು ಪ್ರತಿ ಇಟ್ಟುಕೊಳ್ಳಿ. "ನಮಗೆ ಗೊತ್ತೇ ಇರಲಿಲ್ಲ" ಅನ್ನುವವರು ಜಾಸ್ತಿ.

ಯಲ್ಲಾಪುರದ ಅಮ್ಮ:
ಎಲ್ಲ ಓದಿದೆ. ಬಿಡಿಸುವುದು ಬೇಡ ಅಂತ ಸದ್ಯಕ್ಕೆ ಅಂದುಕೊಂಡಿದ್ದೇನೆ. ವಾರ್ಡನ್ ಭಾನುವಾರ ಸಿಗುತ್ತಾರಂತೆ. ಪತ್ರ ಬರೆದಿಟ್ಟಿದ್ದೇನೆ, ಎರಡು ಪ್ರತಿ. ಮಗನನ್ನೂ ಕೇಳಿದೆ, ನಾನು ಬಂದು ಮಾತಾಡಲಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ "ಬಾ, ಆದರೆ ಅಲ್ಲಿ ಅಳಬೇಡ" ಅಂದ.