ಸಹಾಯ ಬೇಕು: ಮನೆ ಮೊದಲಾ, ಬ್ಯಾಂಕ್ ಖಾತೆ ಮೊದಲಾ?

ಎಲ್ಲರಿಗೂ ನಮಸ್ಕಾರ. ಓದೋಕೆ ಅಂತ ವಿದೇಶದ ದೊಡ್ಡ ನಗರಕ್ಕೆ ಹೊಸದಾಗಿ ಬಂದಿದ್ದೇನೆ. ಸದ್ಯ ಹಾಸ್ಟೆಲಿನಲ್ಲಿದ್ದೇನೆ, ತಿಂಗಳ ಕೊನೆಗೆ ಖಾಲಿ ಮಾಡಬೇಕು. ಖಾತೆ ತೆರೆಯಲು ಬ್ಯಾಂಕಿನವರು ವಿಳಾಸದ ದಾಖಲೆ ಕೇಳುತ್ತಾರೆ. ಮನೆ ಮಾಲೀಕರು ಇಲ್ಲಿನ ಬ್ಯಾಂಕ್ ಖಾತೆ ಇದ್ದರೆ ಮಾತ್ರ ಕರಾರು ಅನ್ನುತ್ತಾರೆ. ಯಾವುದನ್ನು ಮೊದಲು ಹಿಡಿಯಲಿ? ವಿಶ್ವವಿದ್ಯಾಲಯದ ಪತ್ರದಲ್ಲಿ ಹಾಸ್ಟೆಲ್ ವಿಳಾಸ ಬರೆಸಿಕೊಂಡರೆ ಬ್ಯಾಂಕಿನಲ್ಲಿ ನಡೆಯುತ್ತಾ? ಯಾರಾದರೂ ಹಾಗೆ ಮಾಡಿದ್ದೀರಾ?

ಇನ್ನೊಂದು ವಿಷಯ. ಒಬ್ಬರು ಬರೀ ಫೋಟೋ ಕಳಿಸಿ, 'ಅಡ್ವಾನ್ಸ್ ಹಾಕಿ, ಕೀಲಿ ಕೊರಿಯರ್ ಮಾಡುತ್ತೇನೆ' ಅಂದರು. ಮೋಸ ಅನ್ನಿಸಿ ಬಿಟ್ಟೆ. ಮನೆ ನೋಡದೆ ದುಡ್ಡು ಕೊಡೋದು ಬೇಡ, ಅಲ್ವಾ? ಜಾಮೀನು ಹಾಕುವವರು ಯಾರೂ ಇಲ್ಲದೆ ಮನೆ ಹಿಡಿದವರು ದಯವಿಟ್ಟು ಹೇಗೆ ಅಂತ ತಿಳಿಸಿ. ನೀವು ಯಾವ ದೇಶದಲ್ಲಿದ್ದರೂ ಸರಿ. ಕ್ಲಾಸು ಶುರುವಾಗಿದೆ, ಓದಿನ ಕಡೆ ಗಮನವೇ ಹೋಗುತ್ತಿಲ್ಲ.